ಸೀದ ಹಾಲು, ಸುಟ್ಟ ಟೇಪು

ನಮ್ಮ ಮನೆಯ ಹಾಲಿನ ಪಾತ್ರೆಯ ತಳ ಕಪ್ಪಾಗಿರುವುದಕ್ಕೆ 1966ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಆರಂಭವಾದ 'ಮಿಷನ್: ಇಂಪಾಸಿಬಲ್' ಎಂಬ ಗೂಢಚಾರಿ ಧಾರಾವಾಹಿಯೇ ಕಾರಣ ಎಂದರೆ ನನ್ನ ಹೆಂಡತಿ ಒಪ್ಪುವುದಿಲ್ಲ.

ಏಳು ಸೀಸನ್‌ಗಳ 171 ಕಂತುಗಳನ್ನು ನಾನು ರಾತ್ರಿಗೊಂದರಂತೆ ನೋಡುತ್ತಿದ್ದೇನೆ. ಬೆಂಕಿಕಡ್ಡಿ ಗೀರಿ ಬತ್ತಿ ಚರಚರನೆ ಉರಿಯುತ್ತದೆ, ಲಾಲೋ ಶಿಫ್ರಿನ್ ಅವರ ಐದೆಣಿಕೆಯ ಸಂಗೀತ ಮೊಳಗುತ್ತದೆ, ತಂಡದ ನಾಯಕ ಜಿಮ್ ಫೆಲ್ಪ್ಸ್ ಯಾವುದೋ ಮೂಲೆಯಲ್ಲಿ ಬಚ್ಚಿಟ್ಟ ಟೇಪನ್ನು ಕೇಳುತ್ತಾನೆ. ನೀವು ಸಿಕ್ಕಿಬಿದ್ದರೆ ತಮಗೇನೂ ತಿಳಿಯದೆಂದು ಮೇಲಿನವರು ಕೈತೊಳೆದುಕೊಳ್ಳುತ್ತಾರೆ ಎಂದು ಎಚ್ಚರಿಸಿ, ಐದು ಸೆಕೆಂಡಿನಲ್ಲಿ ಆ ಟೇಪು ಹೊಗೆಯಾಗುತ್ತದೆ. ಆಮೇಲೆ ಆತ ಮನೆಯಲ್ಲಿ ಕುಳಿತು ಫೋಟೊಗಳ ರಾಶಿ ಹರಡಿಕೊಂಡು, ಗಂಭೀರವಾಗಿ ಯೋಚಿಸಿ, ಕೆಲವನ್ನು ಬದಿಗೆ ಸರಿಸಿ, ಕಡೆಗೆ ಅದೇ ವೇಷಗಾರ ರೋಲಿನ್, ಅದೇ ಯಂತ್ರಜ್ಞ ಬಾರ್ನಿ, ಅದೇ ಜಟ್ಟಿ ವಿಲ್ಲಿಯನ್ನು ಆರಿಸುತ್ತಾನೆ. ತರಕಾರಿ ಅಂಗಡಿಯಲ್ಲಿ ಕಾಲು ಗಂಟೆ ಎಲ್ಲವನ್ನೂ ಮುಟ್ಟಿ ನೋಡಿ ಕಡೆಗೆ ಬೀನ್ಸನ್ನೇ ತರುವ ನನಗೆ ಆತನ ಮೇಲೆ ವಿಶೇಷ ಗೌರವವಿದೆ.

ಸತ್ಯನಾರಾಯಣ ಕಥೆಯ ವ್ಯಾಪಾರಿಯ ಸರಕು ಬಳ್ಳಿ, ಎಲೆಗಳಾಗುವುದು ಎಲ್ಲರಿಗೂ ಗೊತ್ತಿದ್ದರೂ ನಾಲ್ಕನೆಯ ಅಧ್ಯಾಯಕ್ಕೆ ಯಾರೂ ಎದ್ದು ಹೋಗುವುದಿಲ್ಲ. (ಪ್ರಸಾದ ಇನ್ನೂ ಬಂದಿರುವುದಿಲ್ಲ ಎಂಬುದೂ ನಿಜವೇ.) ಮೊದಲ ಸೀಸನ್ನಿನ ನಾಯಕ ಡ್ಯಾನ್ ಬ್ರಿಗ್ಸ್ ಹೋಗಿ ಫೆಲ್ಪ್ಸ್ ಬಂದ, 1969ರಲ್ಲಿ ರೋಲಿನ್ ಪಾತ್ರದ ನಟ ಮಾರ್ಟಿನ್ ಲ್ಯಾಂಡೌ ಬಿಟ್ಟುಹೋದಾಗ ವೇಷಗಾರನ ಜಾಗಕ್ಕೆ ಲಿಯೊನಾರ್ಡ್ ನಿಮೋಯ್ ಬಂದರು. ಮುಖಗಳು ಬದಲಾದವು, ಮುಖವಾಡಗಳು ಬದಲಾಗಲಿಲ್ಲ. 1988ರಲ್ಲಿ ಧಾರಾವಾಹಿ ಮತ್ತೆ ಆರಂಭವಾದಾಗಲಂತೂ, ಹಾಲಿವುಡ್‌ನಲ್ಲಿ ಬರಹಗಾರರ ಮುಷ್ಕರವಿದ್ದುದರಿಂದ, ಹಳೆಯ ಕೆಲವು ಚಿತ್ರಕಥೆಗಳನ್ನೇ ನಿಸ್ಸಂಕೋಚವಾಗಿ ಮರುಚಿತ್ರೀಕರಿಸಿದರು. ಟೇಪಿನ ಬದಲು ಪುಟ್ಟ ಡಿಸ್ಕ್ ಬಂತು. ಅದೂ ಐದೇ ಸೆಕೆಂಡಿಗೆ ಸುಟ್ಟುಹೋಯಿತು.

ಮೊನ್ನೆ ರಾತ್ರಿ ಹೆಂಡತಿ ತಂಗಿಯ ಮನೆಗೆ ಹೊರಟವಳು, "ರೀ, ಹಾಲು ಸಣ್ಣ ಉರಿಯಲ್ಲಿದೆ, ಉಕ್ಕುವ ಮುಂಚೆ ಆರಿಸಿ" ಎಂದು ಹೇಳಿ ಹೋದಳು. ಫೆಲ್ಪ್ಸ್‌ನ ಟೇಪಿನಿಂದ ಹೊಗೆ ಎದ್ದಿತು. ಸುಟ್ಟ ವಾಸನೆಯೂ ಬಂದಂತಾಯಿತು. ಆ ಕಾಲಕ್ಕೇ ಎಷ್ಟು ನೈಜವಾಗಿ ಚಿತ್ರೀಕರಿಸಿದ್ದಾರೆ ಎಂದು ಮೆಚ್ಚಿಕೊಂಡೆ. ವಾಸನೆ ನಿಲ್ಲದಿದ್ದಾಗ ಅಡುಗೆಮನೆಗೆ ಓಡಿದರೆ, ಉಕ್ಕಿದ ಹಾಲು ಒಲೆಯ ಬರ್ನರನ್ನು ಮುಚ್ಚಿ ಕಟ್ಟೆಯಿಂದ ತೊಟ್ಟಿಕ್ಕುತ್ತಿತ್ತು. ಪಾತ್ರೆಯಲ್ಲಿ ಉಳಿದದ್ದು ಸೀದು ತಳ ಹಿಡಿದು, ಚಮಚದಲ್ಲಿ ಕೆರೆದರೆ ಕಾಗದದಂತೆ ಚೂರುಚೂರಾಗಿ ಏಳುತ್ತಿತ್ತು. ಇಪ್ಪತ್ತು ನಿಮಿಷ ಉಜ್ಜಿ, ಒರೆಸಿ, ಕಿಟಕಿ ತೆರೆದು ಬಂದು ಕುಳಿತೆ. ಧಾರಾವಾಹಿಯನ್ನು ನಿಲ್ಲಿಸಿ ಹೋಗಿರಲಿಲ್ಲ. ಬಾರ್ನಿ ಯಾವುದೋ ಕಿರಿದಾದ ಕೊಳವೆಯಲ್ಲಿ ಬೆವರುತ್ತ ತಿರುಪು ಬಿಚ್ಚುತ್ತಿದ್ದ. ಕಥೆಯ ಒಂದೆಳೆಯೂ ನನ್ನ ಕೈತಪ್ಪಿರಲಿಲ್ಲ.

ಬೆಳಿಗ್ಗೆ ಪಕ್ಕದ ಮನೆಯವರು ಬಾಗಿಲಿಗೇ ಬಂದು, ರಾತ್ರಿ ಅದೇನು ಸೀದ ವಾಸನೆ ಎಂದು ಕೇಳಿದರು. ಪಾತ್ರೆ ಮತ್ತು ಸಬೀನಾದೊಂದಿಗೆ ಸಿಂಕಿನ ಮುಂದೆ ಸಿಕ್ಕಿಬಿದ್ದಿದ್ದ ನಾನು ಹೆಂಡತಿಯ ಮುಖ ನೋಡಿದೆ.

"ನನಗೇನೂ ಗೊತ್ತಿಲ್ಲಪ್ಪ," ಎಂದಳು, "ನಾನು ಊರಲ್ಲೇ ಇರಲಿಲ್ಲ."