ಸರಾಸರಿ 40 ಪರ್ಸೆಂಟ್ ಅಂತೆ!

ಇವತ್ತು ಬೆಳಗ್ಗೆ ಒಂಬತ್ತೂ ಐದಕ್ಕೆ ಮೂರನೇ ಮಹಡಿಗೆ ಹೋಗಿದ್ದೆ. ಕ್ಲೇಮ್ಸ್ ಟೀಮಿನ ಹುಡುಗಿಯೊಬ್ಬಳು ಪಾಸ್‌ವರ್ಡ್ ಹಾಕಿದಳು. ಚಕ್ರ ತಿರುಗೋಕೆ ಶುರುವಾಗಿದ್ದೇ ತಡ, ಬ್ಯಾಗಿಂದ ಡಬ್ಬಿ ತೆಗೆದು ಉಪ್ಪಿಟ್ಟು ತಿನ್ನೋಕೆ ಕೂತಳು. ಡಬ್ಬಿ ಖಾಲಿ ಮಾಡಿ, ತೊಳ್ಕೊಂಡು ಬಂದ ಮೇಲೆ ಡೆಸ್ಕ್‌ಟಾಪ್ ಬಂತು.

"ದಿನಾ ಹಿಂಗೇನಾ?" ಅಂದೆ.

"ಅದಕ್ಕೇ ಮನೇಲಿ ತಿಂಡಿ ತಿನ್ನಲ್ಲ ಸರ್."

ಹನ್ನೊಂದಕ್ಕೆ ಮೀಟಿಂಗ್. ನಮ್ಮ ದೊಡ್ಡವರು ಸರ್ವರ್‌ಗಳ ತಿಂಗಳ ಗ್ರಾಫ್ ತೆರೆದರು. ಹಸಿರೋ ಹಸಿರು, ಥೇಟ್ ಮಲೆನಾಡು. "ಸಿಪಿಯು ಸರಾಸರಿ 40 ಪರ್ಸೆಂಟ್. ಇನ್ನೂ 60 ಖಾಲಿ ಬಿದ್ದಿದೆ ಕಣ್ರೀ. ನೆಟ್‌ವರ್ಕ್ ಟೀಮಿಗೆ ಟಿಕೆಟ್ ಹಾಕಿ."

ಹತ್ತು ವರ್ಷದಿಂದ ಈ ವಿಡಿಐ, ಅಂದ್ರೆ ವರ್ಚುವಲ್ ಡೆಸ್ಕ್‌ಟಾಪ್, ಕಟ್ಕೊಂಡು ಏಗ್ತಿದೀನಿ. ಎಲ್ಲರ ಕಂಪ್ಯೂಟರೂ ಡೇಟಾ ಸೆಂಟರಿನ ಸರ್ವರ್ ಒಳಗೆ, ಮೇಜಿನ ಮೇಲಿರೋದು ಬರೀ ಅದರ ಚಿತ್ರ. ಅಳತೆ ಸರಿ ಇಲ್ದಿದ್ರೆ ಎಲ್ಲರೂ ಒಟ್ಟಿಗೇ ಮುಳುಗ್ತೀವಿ. ಈ ಸರ್ವರ್‌ಗಳನ್ನ ನೋಡ್ಕೊಳ್ಳೋ ಸಾಫ್ಟ್‌ವೇರ್ ವಿಸೆಂಟರ್ 20 ಸೆಕೆಂಡಿಗೊಂದು ಅಳತೆ ತಗೊಳ್ಳುತ್ತೆ, ನಿಜ. ಆದರೆ ಅಷ್ಟು ಸಣ್ಣ ಲೆಕ್ಕ ಇರೋದು ಒಂದೇ ಗಂಟೆ. ದಿನದ ಗ್ರಾಫಲ್ಲಿ ಅದು 5 ನಿಮಿಷದ ಸರಾಸರಿ, ವಾರದ್ದರಲ್ಲಿ 30 ನಿಮಿಷ, ತಿಂಗಳದ್ದರಲ್ಲಿ 2 ಗಂಟೆ! ಹತ್ತು ನಿಮಿಷದ ನೂಕುನುಗ್ಗಲು ಅದರಲ್ಲಿ ಎಲ್ಲಿ ಕಾಣಬೇಕು? ಒಂಬತ್ತೂ ಐದರ ಸಾಕ್ಷಿ ಹತ್ತೂ ಐದಕ್ಕೆಲ್ಲ ಮಾಯ. ಮೀಟಿಂಗ್ ಹನ್ನೊಂದಕ್ಕೇ ಯಾಕಿಡ್ತಾರೆ ಅಂತ ಈಗ ಅರ್ಥ ಆಗ್ತಿದೆ.

ಇಡೀ ದಿನದ ಸರಾಸರಿ ತೆಗೆದ್ರೆ ಮದುವೆ ಛತ್ರದ ಊಟದ ಹಾಲೂ ಮುಕ್ಕಾಲು ಖಾಲಿನೇ. ಧಾರೆ ಮುಗಿದ ಮೇಲೆ, ಉಣ್ಣೋರ ಬೆನ್ನ ಹಿಂದೆ ಕುರ್ಚಿ ಹಿಡ್ಕೊಂಡು ನಿಂತವರನ್ನ ಕೇಳಿ ನೋಡಿ. ಸಿಪಿಯು ರೆಡಿ ಅನ್ನೋ ಅಳತೆ ಹೇಳೋದೂ ಅದನ್ನೇ. ವರ್ಚುವಲ್ ಮಷೀನ್, ಅಂದ್ರೆ ಸರ್ವರ್ ಒಳಗಿರೋ ಒಬ್ಬೊಬ್ಬರ ಕಂಪ್ಯೂಟರ್, ಹಸಿದು ನಿಂತಿದೆ, ಕೂರೋಕೆ ಪ್ರೊಸೆಸರ್ ಕೋರ್ ಇಲ್ಲ. 20 ಸೆಕೆಂಡಲ್ಲಿ ಒಂದು ವಿಸಿಪಿಯು (ಆ ಮಷೀನಿನ ವರ್ಚುವಲ್ ಪ್ರೊಸೆಸರ್) 1000 ಮಿಲಿಸೆಕೆಂಡ್ ಕಾದರೆ ಅದು 5 ಪರ್ಸೆಂಟ್, ಅಷ್ಟಕ್ಕೇ ಕಿವಿ ನೆಟ್ಟಗಾಗಬೇಕು. ಸರ್ವರಿನ ಆ ಕ್ಷಣದ ಲೆಕ್ಕ ತೋರಿಸೋ ಇಎಸ್‌ಎಕ್ಸ್‌ಟಾಪಲ್ಲಿ ಇವತ್ತು ನಾನು ನೋಡಿದ್ದು 14.

"ಹತ್ತು ನಿಮಿಷದ ರಶ್ಶಿಗೆ ಅಂತ ಇನ್ನೆರಡು ಸರ್ವರ್ ತಗೊಳ್ಳೋಕಾಗುತ್ತಾ?" ಅಂತಾರೆ. ತಗೊಳ್ಳಿ ಅಂದವರು ಯಾರು ಸ್ವಾಮಿ? ಮಷೀನ್‌ಗಳನ್ನ ಎಂಟೂವರೆಗೇ ಆನ್ ಮಾಡಿಡಿ, ಆಂಟಿವೈರಸ್ ಸ್ಕ್ಯಾನ್ ಬೇರೆ ಹೊತ್ತಿಗೆ ತಳ್ಳಿ. ಅದಕ್ಕೂ ಮೊದಲು ಒಂಬತ್ತು ಗಂಟೆ ಅನ್ನೋದೊಂದಿದೆ ಅಂತ ಒಪ್ಕೊಳ್ಳಿ.

ಇಷ್ಟೆಲ್ಲ ಕೂಗಾಡಿದ ನಾನೇನು ಸಾಚಾ ಅಲ್ಲ. ಈ ಸೆಟಪ್ಪಿನ ಲೋಡ್ ಟೆಸ್ಟ್ ಮಾಡಿದ್ದು ನಾನೇ. ಲಾಗಿನ್ ವಿಎಸ್‌ಐ ಸುಳ್ಳು ಯೂಸರ್‌ಗಳನ್ನ ಒಳಗೆ ಬಿಟ್ಟು, ಅವರ ಕೈಲಿ ವರ್ಡು, ಎಕ್ಸೆಲ್ಲು, ಬ್ರೌಸರ್ ತೆರೆಸಿ, ಎಷ್ಟನೇ ಯೂಸರಿಗೆ ಸರ್ವರ್ ಕೈಚೆಲ್ಲುತ್ತೆ ಅಂತ ಹೇಳುತ್ತೆ. ಒಳ್ಳೇ ಸಾಧನ. ನಾನು ಅದನ್ನ ಓಡಿಸಿದ್ದು ಶನಿವಾರ ರಾತ್ರಿ, ಆಂಟಿವೈರಸ್ ಇಲ್ಲದ ಗೋಲ್ಡನ್ ಇಮೇಜ್ (ಎಲ್ಲ ಡೆಸ್ಕ್‌ಟಾಪಿಗೂ ಮೂಲ ಅಚ್ಚು) ಮೇಲೆ, ಖಾಲಿ ಪ್ರೊಫೈಲ್ ಇಟ್ಕೊಂಡು, ಲಾಗಿನ್‌ಗಳನ್ನ 48 ನಿಮಿಷಕ್ಕೆ ಹರಡಿ. ನಮ್ಮ ಜನವೋ ಪಂಚ್ ಮಾಡಿದ ಹತ್ತೇ ನಿಮಿಷಕ್ಕೆ ಎಲ್ಲರೂ ಒಳಗೆ. ಆ ರಿಪೋರ್ಟಿನ ಮೊದಲ ಪುಟದಲ್ಲೂ ದಪ್ಪಕ್ಷರದಲ್ಲಿ ಸರಾಸರಿ, ಕೆಳಗೆ ನನ್ನದೇ ಸಹಿ. ಮೀಟಿಂಗಲ್ಲಿ ನಾನು ಬಾಯಿ ಬಿಡದೆ ಕೂತಿದ್ದು ಯಾಕೆ ಅಂತ ಕೇಳಿದ ಗೆಳೆಯನಿಗೆ ಇದೇ ಉತ್ತರ.

ನಾಳೆ 8:50ಕ್ಕೆ ಇಎಸ್‌ಎಕ್ಸ್‌ಟಾಪನ್ನ ಬ್ಯಾಚ್ ಮೋಡಿಗೆ ಹಾಕಿ, 5 ಸೆಕೆಂಡಿಗೊಂದು ಸಾಲು ಫೈಲಿಗೆ ಬರೆಸ್ತೀನಿ. ಒಂಬತ್ತಕ್ಕೆ ದೊಡ್ಡವರನ್ನೂ ಮೂರನೇ ಮಹಡಿಗೆ ಕರ್ಕೊಂಡು ಹೋಗ್ತೀನಿ. ಆ ಹುಡುಗಿ ನಾಳೆ ಅವಲಕ್ಕಿ ತರ್ತಾಳಂತೆ.