ಧಾರಾವಾಹಿಯ ಡೈವೋರ್ಸ್ ಪೇಪರ್, ನಮ್ಮ ಹೆಣ್ಣುಮಕ್ಕಳ ಬದುಕು

ಧಾರಾವಾಹಿಯ ಜಡ್ಜ್ ಸುತ್ತಿಗೆ ಬಡಿದು "ಆರ್ಡರ್ ಆರ್ಡರ್" ಅಂದರೆ ನಾನು ಸುಮ್ಮನಿರುತ್ತೇನೆ. ಕಲಬುರಗಿ ಕೋರ್ಟಿನಲ್ಲಿ ಇಷ್ಟು ವರ್ಷ ವಕೀಲಿಕೆ ಮಾಡಿದ್ದೇನೆ, ಯಾವ ನ್ಯಾಯಾಧೀಶರ ಮೇಜಿನ ಮೇಲೂ ಸುತ್ತಿಗೆ ನೋಡಿಲ್ಲ. ನಮ್ಮ ದೇಶದ ಕೋರ್ಟುಗಳಲ್ಲಿ ಆ ಪದ್ಧತಿಯೇ ಇಲ್ಲ. ಭಗವದ್ಗೀತೆ ಮುಟ್ಟಿಸಿ ಆಣೆ ಮಾಡಿಸುವುದೂ ಇಲ್ಲ. 1969ರ ಪ್ರಮಾಣಗಳ ಕಾಯ್ದೆಯಂತೆ ಸಾಕ್ಷಿ ದೇವರ ಹೆಸರಿನಲ್ಲೋ ಸತ್ಯನಿಷ್ಠೆಯಿಂದಲೋ ಪ್ರಮಾಣ ಮಾಡಿದರೆ ಸಾಕು, ಯಾವ ಪುಸ್ತಕವೂ ಬೇಡ. ಬೆಳಗ್ಗೆ ಕಾಲ್ ವರ್ಕ್ ಶುರುವಾದರೆ ಬೆಂಚ್ ಕ್ಲರ್ಕ್ ಕೇಸ್ ನಂಬರ್ ಓದುತ್ತಾರೆ, ದಲಾಯತ್ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುತ್ತಾನೆ, ಹಿಂದಿನ ಬೆಂಚಿನಿಂದ ಯಾರೋ "ಅದೀನ್ರೀ ಸಾಹೇಬ್ರೆ" ಅಂತ ಎದ್ದು ಬರುವಷ್ಟರಲ್ಲಿ ಮುಂದಿನ ಪೇಷಿಗೆ ತಾರೀಖು ಬಿದ್ದಿರುತ್ತದೆ. ಟಿವಿಯವರಿಗೆ ಇದು ಸಪ್ಪೆ ಅನ್ನಿಸಿದರೆ ಅನ್ನಿಸಲಿ. ಸುತ್ತಿಗೆಯಿಂದ ಯಾರ ಬಾಳೂ ಹಾಳಾಗುವುದಿಲ್ಲ.

ನನ್ನ ಹೊಟ್ಟೆ ಉರಿಯುವುದು ಆ ಡೈವೋರ್ಸ್ ಪೇಪರ್ ಕಂಡಾಗ.

ಸೀನ್ ಎಲ್ಲರಿಗೂ ಗೊತ್ತು. ಗಂಡ ಕಂದು ಬಣ್ಣದ ಲಕೋಟೆಯನ್ನು ಸೋಫಾ ಮೇಲೆ ಎಸೆದು "ಸೈನ್ ಮಾಡು" ಅನ್ನುತ್ತಾನೆ. ಅತ್ತೆ ಪೆನ್ನು ತಂದುಕೊಡುತ್ತಾಳೆ. ಒಂದು ವಾರ ಪೆನ್ನು ನಡುಗುತ್ತದೆ, ಕಣ್ಣೀರು ಕಾಗದದ ಮೇಲೆ ಬೀಳುತ್ತದೆ, ಕೊನೆಗೆ ಆಕೆ ಸಹಿ ಹಾಕುತ್ತಾಳೆ. ಅಲ್ಲಿಗೆ ಮದುವೆ ಮುಗಿಯಿತು. ತಾಳಿ ಬಿಚ್ಚಿಟ್ಟು ಸೂಟ್‌ಕೇಸ್ ಹಿಡಿದು ಮಳೆಯಲ್ಲಿ ನಡೆದು ಹೋಗುತ್ತಾಳೆ, ಇತ್ತ ಗಂಡ ಇನ್ನೊಬ್ಬಳ ಜೊತೆ ಹಸೆಮಣೆ ಏರಲು ತಯಾರಾಗುತ್ತಾನೆ.

ಹೀಗೆ ಯಾವ ಡೈವೋರ್ಸೂ ಆಗುವುದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಯ ವಿಚ್ಛೇದನ ಬೇಕೆಂದರೆ ಗಂಡ ಹೆಂಡತಿ ಕನಿಷ್ಠ ಒಂದು ವರ್ಷ ಬೇರೆ ಇದ್ದಿರಬೇಕು. ಇಬ್ಬರೂ ಸೇರಿ ಕೋರ್ಟಿಗೆ ಅರ್ಜಿ ಹಾಕಬೇಕು. ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು ನಮ್ಮ ಮನಸ್ಸು ಬದಲಾಗಿಲ್ಲ ಎಂದು ಹೇಳಬೇಕು. ತಕ್ಕ ಕಾರಣವಿದ್ದರೆ ಆ ಆರು ತಿಂಗಳನ್ನು ಕೋರ್ಟ್ ಮಾಫಿ ಮಾಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ತೀರ್ಪು ಬರುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಆ ಆರು ತಿಂಗಳಲ್ಲಿ ಎರಡು ಮನೆಗಳಲ್ಲಿ ಏನೇನು ನಡೆಯುತ್ತದೆ, ಎಷ್ಟು ಸಲ ಫೋನ್ ಎತ್ತಿ ಇಡುತ್ತಾರೆ, ಮಕ್ಕಳು ಏನು ಕೇಳುತ್ತವೆ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೂರು ಎಪಿಸೋಡ್ ಬರೆಯುವಷ್ಟು ಕಥೆ ಅದರಲ್ಲಿದೆ. ಬರೆಯುವವರಿಗೆ ಕಾಣುವುದು ಲಕೋಟೆ ಮಾತ್ರ.

ಜೇವರ್ಗಿ ಕಡೆಯ ಹಳ್ಳಿಯ ಹೆಣ್ಣುಮಗಳೊಬ್ಬಳು ಬಂದಿದ್ದಳು. ಪ್ಲಾಸ್ಟಿಕ್ ಕವರಿನಲ್ಲಿ ನಾಲ್ಕು ಮಡಿಕೆ ಮಾಡಿಟ್ಟ ಬಾಂಡ್ ಪೇಪರ್. ಅದರ ಮೇಲೆ ನೋಟರಿ ಸೀಲು, ಊರಿನ ಇಬ್ಬರ ಸಹಿ, ಕೆಳಗೆ ಇವಳ ಹೆಬ್ಬೆಟ್ಟು. ಮಡಿಕೆ ಬಿದ್ದ ಕಡೆ ಕಾಗದ ಹರಿದು ಅಕ್ಷರ ಹೋಗಿತ್ತು. "ನಂದು ಡೈವರ್ಸ್ ಆಗ್ಯಾದ್ರೀ ಅಕ್ಕೋರೆ" ಅಂದಳು. ಯಾವ ಕೋರ್ಟಿನಲ್ಲಿ ಅಂತ ಕೇಳಿದೆ. "ಕೋರ್ಟ್ ಯಾಕ್ರೀ? ಇದರಾಗ ಒತ್ತೀನಲ್ರೀ. ಟಿವ್ಯಾಗೂ ಹಿಂಗೇ ಮಾಡ್ತಾರಲ್ರೀ." ಗಂಡ ಆಗಲೇ ಇನ್ನೊಂದು ಮದುವೆ ಮಾಡಿಕೊಂಡಿದ್ದ. ಇವಳು ತವರಿನಲ್ಲಿ ಕೂತು ತೊಗರಿ ಹೊಲಕ್ಕೆ ಕೂಲಿ ಹೋಗುತ್ತಿದ್ದಳು. ಜೀವನಾಂಶ ಕೇಳಬೇಕು ಅನ್ನುವ ವಿಚಾರವೂ ಅವಳಿಗೆ ಬಂದಿರಲಿಲ್ಲ. ಸಹಿಯಾಗಿದೆ, ಇನ್ನೇನು ಕೇಳಲಿಕ್ಕೆ ಬರುತ್ತದೆ ಅಂತ.

ಕೆಲವು ಸಮುದಾಯಗಳಲ್ಲಿ ಸೋಡಚೀಟಿಯ, ಅಂದರೆ ಚೀಟಿ ಬರೆದು ಮದುವೆ ಬಿಡಿಸಿಕೊಳ್ಳುವ, ರೂಢಿ ಇದೆ. ಅಂಥ ರೂಢಿಯನ್ನು ಕಾನೂನೂ ಒಪ್ಪುತ್ತದೆ, ಆದರೆ ರೂಢಿ ಇದೆ ಅನ್ನುವುದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅದು ಸಾಬೀತಾಗದಿದ್ದರೆ ಆ ಬಾಂಡ್ ಪೇಪರಿಗೆ ಬೆಲೆಯಿಲ್ಲ. ಮದುವೆ ಹಾಗೇ ಇರುತ್ತದೆ, ಗಂಡನ ಎರಡನೇ ಮದುವೆ ಅಸಿಂಧುವಾಗುತ್ತದೆ, ಅದು ಅಪರಾಧ ಕೂಡ. ಎರಡನೆಯವಳೂ ಮೋಸ ಹೋದವಳೇ, ಅವಳ ಕಷ್ಟವನ್ನೂ ಯಾರೂ ತೋರಿಸುವುದಿಲ್ಲ. ಇನ್ನು ವಿಚ್ಛೇದನ ನಿಜವಾಗಿ ಆಗಿದ್ದರೂ, ಆಕೆ ಮರುಮದುವೆ ಆಗಿಲ್ಲದಿದ್ದರೆ, ತನ್ನನ್ನು ತಾನು ಸಾಕಿಕೊಳ್ಳಲು ಆಗದಿದ್ದರೆ, ಜೀವನಾಂಶ ಕೇಳಬಹುದು. ಮೊದಲು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125 ಅನ್ನುತ್ತಿದ್ದೆವು, 2024ರ ಜುಲೈ 1ರಿಂದ ಅದು ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ.

ಸಹಿ ಹಾಕುವ ನಾಯಕಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವವಳು ಕಾಗದ ಹರಿದು ಹಾಕುವ ನಾಯಕಿ. ಕೋರ್ಟಿನಿಂದ ಬಂದದ್ದನ್ನು ಗಂಡನ ಮುಖದ ಮೇಲೇ ಚೂರು ಮಾಡಿ ಎಸೆಯುತ್ತಾಳೆ. ಹಿನ್ನೆಲೆ ಸಂಗೀತ ಏರುತ್ತದೆ, ಮನೆಯಲ್ಲಿ ನೋಡುವವರಿಗೆ ಭಪ್ಪರೆ ಅನ್ನಿಸುತ್ತದೆ. ಬಂದಿರುವುದು ಕೋರ್ಟಿನ ಸಮನ್ಸ್ ಆಗಿದ್ದರೆ ಅದರಲ್ಲಿ ಒಂದು ತಾರೀಖು ಇರುತ್ತದೆ. ಅವತ್ತು ಹೋಗದಿದ್ದರೆ ಕೋರ್ಟ್ ನಿಮ್ಮನ್ನು ಬಿಟ್ಟು ಕೇಸ್ ನಡೆಸಬಹುದು, ಏಕಪಕ್ಷೀಯವಾಗಿ ಡಿಕ್ರಿ, ಅಂದರೆ ಕೇಸಿನ ಅಂತಿಮ ಆದೇಶ, ಕೊಡಬಹುದು. ಸಮನ್ಸ್ ಮುಟ್ಟಿಸುವ ಕೋರ್ಟಿನ ಅಮೀನ ಬಂದಾಗ ಬಾಗಿಲು ಹಾಕಿಕೊಂಡರೆ, ಅಂಚೆಯವನಿಗೆ ಬೇಡ ಅಂದರೆ "ತೆಗೆದುಕೊಳ್ಳಲು ನಿರಾಕರಿಸಿದರು" ಎಂಬ ಷರಾ ಬೀಳುತ್ತದೆ, ಅದನ್ನು ಮುಟ್ಟಿದಂತೆಯೇ ಹಿಡಿಯಬಹುದು. ಏಕಪಕ್ಷೀಯ ಡಿಕ್ರಿ ರದ್ದು ಮಾಡಿಸಲು ಇರುವುದು 30 ದಿನ. ಸಮನ್ಸ್ ಸರಿಯಾಗಿ ಜಾರಿಯೇ ಆಗಿರದಿದ್ದರೆ ಗೊತ್ತಾದ ದಿನದಿಂದ 30 ದಿನ.

ಅಂದರೆ ಟಿವಿ ಪೂರ್ತಿ ತಿರುವುಮುರುವು ಕಲಿಸುತ್ತಿದೆ. ಮನೆಯಲ್ಲಿ ಹಾಕಿದ ಸಹಿಯಿಂದ ಮದುವೆ ಮುರಿಯುವುದಿಲ್ಲ, ಅದಕ್ಕೆ ನಮ್ಮ ಹೆಣ್ಣುಮಕ್ಕಳು ಹೆದರಿ ಸಾಯುತ್ತಾರೆ. ಕೋರ್ಟಿನ ಕಾಗದ ಹರಿದರೆ ಎಲ್ಲ ಕೈತಪ್ಪಿ ಹೋಗಬಹುದು, ಅದನ್ನು ಧೈರ್ಯ ಅಂದುಕೊಂಡಿದ್ದಾರೆ.

ಆಸ್ತಿಯ ಕಥೆಯೂ ಇದೇ. ಖಳನಾಯಕ ಮಲಗಿದ ಅಜ್ಜನ ಹೆಬ್ಬೆಟ್ಟನ್ನು ಖಾಲಿ ಕಾಗದಕ್ಕೆ ಒತ್ತಿಸಿಕೊಳ್ಳುತ್ತಾನೆ, ಬೆಳಗಾಗುವಷ್ಟರಲ್ಲಿ ಕೋಟಿಗಟ್ಟಲೆ ಆಸ್ತಿ ಅವನದು. ಖಾಲಿ ಕಾಗದಕ್ಕೆ ಯಾರೂ ಸಹಿ ಮಾಡಬಾರದು, ಅದರಿಂದ ಬೇರೆ ತೊಂದರೆಗಳಿವೆ. ಆದರೆ ಅಷ್ಟರಿಂದಲೇ ಹೊಲ ಮನೆ ಕೈ ಬದಲಾಗುವುದಿಲ್ಲ. 1908ರ ನೋಂದಣಿ ಕಾಯ್ದೆ ಇದೆ, ಸಬ್ ರಿಜಿಸ್ಟ್ರಾರ್ ಮುಂದೆ ಬಂದು ಒಪ್ಪಿಕೊಳ್ಳಬೇಕು, ಫೋಟೊ ಹಿಡಿಯುತ್ತಾರೆ, ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಆಮೇಲೆ ಪಹಣಿಯಲ್ಲಿ ಹೆಸರು ಬದಲಾಗಲು ಮ್ಯುಟೇಶನ್ ನೋಟಿಸ್ ಹೊರಡುತ್ತದೆ. ವಿಲ್ ಬರೆದ ಮರುದಿನವೇ ಮೊಮ್ಮಗಳು ಮಾಲಕಿಯಾಗುವುದೂ ಸುಳ್ಳು. ಬರೆದವರು ಬದುಕಿರುವಷ್ಟು ದಿನ ವಿಲ್ ಜಾರಿಗೆ ಬರುವುದಿಲ್ಲ, ಅವರು ಎಷ್ಟು ಸಲ ಬೇಕಾದರೂ ಬದಲಿಸಬಹುದು.

ನಮ್ಮ ಕಡೆ ಹೆಣ್ಣುಮಕ್ಕಳ ಪಾಲು ಹೋಗುವುದು ಹೀಗೆ ರಾತ್ರೋರಾತ್ರಿ ಅಲ್ಲ, ಹಗಲು ಹೊತ್ತಿನಲ್ಲಿ, ನಗುನಗುತ್ತಲೇ. ಪಂಚಮಿಗೆ ತಂಗಿಯನ್ನು ತವರಿಗೆ ಕರೆಯುತ್ತಾರೆ. ಸೀರೆ ಉಡಿಸುತ್ತಾರೆ, ಉಂಡಿ ಕಟ್ಟಿಕೊಡುತ್ತಾರೆ. "ತಂಗೆಮ್ಮ, ಬ್ಯಾಂಕ್‌ನ್ಯಾಗ ಸಾಲ ತೆಗೀಬೇಕಾಗ್ಯಾದ, ಒಂದ್ ಸಹಿ ಬೇಕವ್ವಾ" ಅಂತ ಅಣ್ಣ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಅವಳು ಸಹಿ ಹಾಕುವುದು ಆಸ್ತಿಯಲ್ಲಿ ತನ್ನ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ. ಅದು ಪಕ್ಕಾ ನೋಂದಣಿಯಾದ ದಸ್ತಾವೇಜು. ಮೋಸದಿಂದ ಬರೆಸಿಕೊಂಡರು ಎಂದು ರದ್ದು ಮಾಡಿಸಬೇಕಾದರೆ ಮೋಸ ತಿಳಿದ ಮೂರು ವರ್ಷದೊಳಗೆ ದಾವೆ ಹಾಕಬೇಕು, ಮೋಸವನ್ನೂ ತೋರಿಸಬೇಕು. ತವರಿನವರ ಮೇಲೆ ದಾವೆ ಹಾಕಲು ಯಾವ ತಂಗಿಗೆ ಮನಸ್ಸು ಬರುತ್ತದೆ?

ಧಾರಾವಾಹಿಯ ಅಪ್ಪ ಮಗಳ ಮೇಲೆ ಕೋಪಿಸಿಕೊಂಡು "ಪಿತ್ರಾರ್ಜಿತ ಆಸ್ತಿಯಲ್ಲಿ ನಿನಗೆ ಬಿಡಿಗಾಸೂ ಇಲ್ಲ" ಅಂದಾಗ ಮಗಳು ಅಳುತ್ತಾಳೆಯೇ ಹೊರತು ಒಬ್ಬರಾದರೂ "ಹಾಗೆ ಹೇಳುವ ಅಧಿಕಾರ ನಿಮಗಿಲ್ಲ" ಅನ್ನುವುದನ್ನು ನಾನು ಕೇಳಿಲ್ಲ. ಮದುವೆಯಾಗದ ಹೆಣ್ಣುಮಕ್ಕಳಿಗೆ ನಮ್ಮ ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲಿನ ಹಕ್ಕು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಮದುವೆಯಾದವರಿಗೂ ಸಿಕ್ಕಿತು. ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಿದ್ದುಪಡಿ ಬಂದಾಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತವಾಗಿ ಹೇಳಿದೆ. ಹಾಗೆಯೇ ಅತ್ತೆ ನಡುರಾತ್ರಿ ಸೊಸೆಯನ್ನು ಹೊರಗೆ ದಬ್ಬುವುದು. ಮನೆ ಯಾರ ಹೆಸರಿನಲ್ಲೇ ಇರಲಿ, ಬಾಳುತ್ತಿರುವ ಮನೆಯಲ್ಲಿ ವಾಸಿಸುವ ಹಕ್ಕನ್ನು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಆಕೆಗೆ ಕೊಟ್ಟಿದೆ. ಇಪ್ಪತ್ತು ವರ್ಷ ದಾಟಿದ ಕಾನೂನು ಇದು.

"ಅದು ಮನರಂಜನೆ ಮೇಡಂ, ಸೀರಿಯಸ್ ಆಗಿ ತಗೋಬೇಡಿ" ಅಂತ ಹೇಳುವವರಿದ್ದಾರೆ. ಓದಿದವರ ಮನೆಯಲ್ಲಿ ಅದು ಮನರಂಜನೆಯೇ ಇರಬಹುದು. ಆಳಂದ, ಚಿತ್ತಾಪುರ, ಸೇಡಂ ಕಡೆಯ ಹಳ್ಳಿಯಲ್ಲಿ ಸಂಜೆ ರೊಟ್ಟಿ ಬಡಿದಿಟ್ಟು ಟಿವಿ ಮುಂದೆ ಕೂರುವ ಹೆಣ್ಣುಮಗಳಿಗೆ ಕೋರ್ಟು, ಕಾನೂನು ಕಾಣುವುದು ಅಲ್ಲಿ ಮಾತ್ರ. 2008ರಲ್ಲಿ ನಮ್ಮೂರಿಗೆ ಹೈಕೋರ್ಟ್ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ನ್ಯಾಯ ಜನರ ಹತ್ತಿರ ಬರಲಿ ಎಂದೇ ಈ ಭಾಗದವರು ಅದಕ್ಕಾಗಿ ಹೋರಾಡಿದ್ದು. ಪೀಠ ಹತ್ತಿರ ಬಂದರೂ ತನಗೆ ಹಕ್ಕಿದೆ ಅನ್ನುವುದೇ ಗೊತ್ತಿಲ್ಲದವಳು ಅದರ ಮೆಟ್ಟಿಲು ಹತ್ತುವುದು ಹೇಗೆ? ದಿನಾ ಸಂಜೆ ಅವಳ ಮನೆಯೊಳಗೆ ಹೋಗುವ ಅವಕಾಶ ಧಾರಾವಾಹಿ ಬರೆಯುವವರಿಗಿದೆ, ನಮಗಿಲ್ಲ. ಅದಕ್ಕೇ ಅವರ ಮೇಲೆ ಇಷ್ಟು ಸಿಟ್ಟು, ಅವರಿಂದಲೇ ಇಷ್ಟು ನಿರೀಕ್ಷೆ.

ಅವರಿಗೆ ನನ್ನದೊಂದು ವಿನಂತಿ. ಸಾಮಾನ್ಯವಾಗಿ ಕೋರ್ಟ್ ಹಾಲಿನ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ, ಒಂದು ಬೆಳಗ್ಗೆ ಬಂದು ಹಿಂದಿನ ಬೆಂಚಿನಲ್ಲಿ ಕೂಡಿ. ಕೌಟುಂಬಿಕ ಕೇಸುಗಳು ಬೇಕಾದಾಗ ಗೋಪ್ಯವಾಗಿ ನಡೆಯುತ್ತವೆ, ನೀವು ತೋರಿಸುವಂತೆ ಇಡೀ ಬಂಧುಬಳಗ ಸಾಲಾಗಿ ಕೂತು ನೋಡುವುದಿಲ್ಲ. ಆದರೆ ಕಾರಿಡಾರಿನಲ್ಲಿ ಕಾದು ಕೂತವರ ಜೊತೆ ಮಾತಾಡಬಹುದು. ಸ್ಕ್ರಿಪ್ಟ್ ಮುಗಿದ ಮೇಲೆ ಯಾವುದಾದರೂ ವಕೀಲರಿಗೆ ಒಮ್ಮೆ ತೋರಿಸಿ, ಬಹಳ ಜನ ಖುಷಿಯಿಂದ ಓದಿಕೊಡುತ್ತಾರೆ, ನಾನಂತೂ ಓದುತ್ತೇನೆ. ವಕೀಲರ ಫೀಸಿಗೆ ನಿಮ್ಮ ನಾಯಕಿ ತಾಳಿ ಮಾರುವ ಸೀನನ್ನು ದಯವಿಟ್ಟು ಬಿಟ್ಟುಬಿಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ, ಆದಾಯ ಎಷ್ಟೇ ಇರಲಿ.

ಓದುತ್ತಿರುವ ನಿಮ್ಮಲ್ಲಿ ಯಾರ ಮನೆಯಲ್ಲಾದರೂ, ಓಣಿಯಲ್ಲಾದರೂ ಇಂಥ ಬಾಂಡ್ ಪೇಪರ್ ಹಿಡಿದು ಎಲ್ಲ ಮುಗಿಯಿತು ಅಂತ ಕೂತ ಅಕ್ಕತಂಗಿಯರಿದ್ದರೆ ಅವರನ್ನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಕರೆದುಕೊಂಡು ಹೋಗಿ. ತಾಲೂಕು ಮಟ್ಟದಲ್ಲೂ ಸಮಿತಿಗಳಿವೆ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿಸಿ. ಆ ಪೇಪರನ್ನು ಹರಿಯಬೇಡಿ, ಜೊತೆಗೆ ಒಯ್ಯಿರಿ.