2005ರಾಗ ಬಂದಿಲ್ಲ, ಈಗೂ ಬರಂಗಿಲ್ಲ

ಮಳೆಗಾಲದಲ್ಲಿ ಕುಡಚಿ ಕಡೆಯ ನಮ್ಮಕ್ಕ ಫೋನ್ ಮಾಡಿದರೆ ಆರಾಮ ಇದ್ದೀರೇನು ಅಂತ ಕೇಳಲ್ಲ. "ಎಷ್ಟ್ ಫೂಟ್ ಆತೋ ತಮ್ಮಾ?" ಅಂತಲೇ ಶುರು. ಫೂಟ್ ಅಂದರೆ ನಾವಿರುವ ಸಾಂಗ್ಲಿಯ ಐರ್ವಿನ್ ಸೇತುವೆ ಹತ್ತಿರ ಕೃಷ್ಣೆಯ ಮಟ್ಟ, ಅಡಿಗಳಲ್ಲಿ. 40 ಇಶಾರಾ ಪಾತಳಿ, ಅಂದರೆ ಎಚ್ಚರಿಕೆಯ ಮಟ್ಟ; 45 ಧೋಕಾ ಪಾತಳಿ, ಅಪಾಯದ ಮಟ್ಟ. ಇಲ್ಲಿ ದಾಟಿದ ನೀರೇ ಆಮೇಲೆ ಅವಳ ಊರ ಸೇತುವೆ ಮುಳುಗಿಸೋದು. ಅವಳ ಲೆಕ್ಕ ಅವಳಿಗೆ.

ಲೆಕ್ಕ ತಪ್ಪಿದ್ದು ನಮ್ಮದು, 2019ರ ಆಗಸ್ಟ್‌ನಲ್ಲಿ. 2005ರ ಮಹಾಪೂರದಲ್ಲಿ ಹೊಳೆ 53 ಅಡಿ ದಾಟಿತ್ತು. ಆಗ ನಮ್ಮ ಬಾಡಿಗೆ ಮನೆಯ ಎರಡನೇ ಮೆಟ್ಟಿಲಿಗೆ ನೀರು ನಿಂತಿತ್ತಂತೆ. ಪಕ್ಕದ ಮನೆ ಕಾಕು ಮಿರಜದ ಕಡೆಯವರು, ಕನ್ನಡ ಬರುತ್ತದೆ. ಆ ಮೆಟ್ಟಿಲನ್ನು ಕಾಲಿನಿಂದ ಒತ್ತಿ ತೋರಿಸಿದರು. "ಇದರ ಮ್ಯಾಲೆ ಏರಿಲ್ಲ ನೋಡ್ರಿ. ಆಗ ಬಂದಿಲ್ಲ, ಈಗೂ ಬರಂಗಿಲ್ಲ." ಮಾರುತಿ ಚೌಕದಲ್ಲಿ ನೀರು ತುಂಬಿದಾಗಲೂ ಗಲ್ಲಿಯಲ್ಲಿ ಇದೇ ಮಾತು.

ನೀರು ಬಾಗಿಲಿಂದ ಬರಲಿಲ್ಲ. ರಾತ್ರಿ ಎರಡರ ಹೊತ್ತಿಗೆ ಬಚ್ಚಲ ಕಿಂಡಿಯಿಂದ ಗುಳುಗುಳು ಅಂತ ಬಂತು, ಅದಕ್ಕಿಂತ ಮೊದಲು ಜಿರಲೆಗಳು ಬಂದವು. ಅಕ್ಕಿ ಚೀಲ, ಮಕ್ಕಳ ಪುಸ್ತಕ, ರೇಷನ್ ಕಾರ್ಡ್ ಎಲ್ಲ ಮಂಚದ ಮೇಲಿಟ್ಟು ಗೆದ್ದೆವು ಅಂದುಕೊಂಡೆವು. ಬೆಳಗಾಗುವಷ್ಟರಲ್ಲಿ ಮಂಚವೇ ಒದ್ದೆ. ಆ ಸಲ ಹೊಳೆ 57 ಅಡಿ ದಾಟಿತು. ಮಾಲೀಕರ ಮಹಡಿ ಮೇಲೆ ಮೂರು ದಿನ ಇದ್ದೆವು. ಸುತ್ತ ನೀರು, ನಲ್ಲಿಯಲ್ಲಿ ಮಾತ್ರ ಹನಿ ಇಲ್ಲ. ತಾರಸಿಯಲ್ಲಿ ಬಕೆಟ್ ಇಟ್ಟು ಮಳೆ ನೀರು ಹಿಡಿದು ಕುದಿಸಿದೆವು. ಅದೇ ವಾರ ಜತ್ತ ತಾಲ್ಲೂಕಿನ ಮಾಮ ಫೋನ್ ಮಾಡಿ, "ನಮ್ಮೂರಿಗೆ ಟ್ಯಾಂಕರ್ ಬಂದಿಲ್ಲೋ" ಅಂದ. ಒಂದೇ ಜಿಲ್ಲೆ ಮಾರಾಯರೇ. ನಗು ಬಂತು, ಆಮೇಲೆ ಬರಲಿಲ್ಲ. ಪಲೂಸ ತಾಲ್ಲೂಕಿನ ಬ್ರಹ್ಮನಾಳದಲ್ಲಿ ಜನರನ್ನು ಸಾಗಿಸುತ್ತಿದ್ದ ದೋಣಿ ಮಗುಚಿದ್ದೂ ಅದೇ ದಿನಗಳಲ್ಲಿ.

ಆಮೇಲೆ ಶುರುವಾಯಿತು ಟಿವಿ ಜಗಳ. ಮರಾಠಿ ಚಾನೆಲ್‌ನಲ್ಲಿ ಆಲಮಟ್ಟಿ ನೀರು ತಡೆಯಿತು, ಕನ್ನಡ ಚಾನೆಲ್‌ನಲ್ಲಿ ಮಹಾರಾಷ್ಟ್ರ ನೀರು ಬಿಟ್ಟಿತು. ಎರಡೂ ಭಾಷೆ ಬರುವ ನಮ್ಮಂಥವರಿಗೆ ತಲೆನೋವೂ ಎರಡು. ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ ವಡ್ನೇರೆ ಸಮಿತಿ ಆಲಮಟ್ಟಿ ಕಾರಣವಲ್ಲ ಅಂದಿತು. ಆದರೂ ಅಣೆಕಟ್ಟನ್ನು 519.6 ಮೀಟರ್‌ನಿಂದ 524.256ಕ್ಕೆ ಎತ್ತರಿಸುವ ಮಾತು ಬಂದಾಗಲೆಲ್ಲ ಇಲ್ಲಿ ಎದೆ ಧಸಕ್ ಅನ್ನುತ್ತದೆ. ಆ ಭಯವನ್ನು ನಾನು ತಳ್ಳಿಹಾಕಲ್ಲ. ಆದರೆ ನಮ್ಮನ್ನು ಆ ರಾತ್ರಿ ಮನೆಯೊಳಗೇ ಕೂರಿಸಿದ್ದು ಆಲಮಟ್ಟಿಯಲ್ಲ, ಎರಡನೇ ಮೆಟ್ಟಿಲು.

ಹರಿಪುರದಲ್ಲಿ, ವಾರಣಾ ಕೃಷ್ಣೆಯನ್ನು ಸೇರುವ ಕಡೆ, ಅರಿಷಿಣ ತುಂಬಿಡುವ ಹಗೇವುಗಳಿದ್ದವು. ಮರಾಠಿಯಲ್ಲಿ ಪೇವ್. ಎಷ್ಟೋ ವರ್ಷ ನೆಲದೊಳಗೆ ಅರಿಷಿಣ ಬೆಚ್ಚಗಿತ್ತು. 2005ರಲ್ಲಿ ಅವಕ್ಕೂ ನೀರು ನುಗ್ಗಿತು. ಅಲ್ಲೂ ಯಾರೋ ಒಬ್ಬರು ಹಿಂದಿನ ಪೂರದ ಗುರುತು ತೋರಿಸಿ ಧೈರ್ಯ ಹೇಳಿರಬೇಕು, ಅಲ್ವಾ?

ಎಷ್ಟು ಅಡಿಗೆ ಯಾವ ಬಡಾವಣೆ ಅನ್ನುವ ಪಟ್ಟಿ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ನನಗೆ ಅದು ಸಾಲದು. ಗಲ್ಲಿಯ ಲೈಟ್ ಕಂಬದ ಮೇಲೆ ಬಣ್ಣದಲ್ಲಿ ಬರೆಯಿರಿ: ಐರ್ವಿನ್‌ನಲ್ಲಿ 52 ಆದರೆ ನೀರು ಇಲ್ಲಿಗೆ, 55 ಆದರೆ ಇಲ್ಲಿಗೆ. ಅದರ ಮೇಲೂ ಕಂಬ ಖಾಲಿ ಇದೆ ಅನ್ನೋದು ಕಣ್ಣಿಗೆ ಕಾಣಲಿ. ಈಗ ಹೊಸದಾಗಿ ಬಂದ ಬಾಡಿಗೆಯವರು, "2019ರಲ್ಲಿ ತೊಡೆಮಟ್ಟ ತಾನೇ, ಸಾಮಾನು ಅಟ್ಟಕ್ಕೆ ಹಾಕಿದರಾಯಿತು" ಅನ್ನುತ್ತಿದ್ದಾರೆ. ಮತ್ತೆ ಅದೇ ಮೆಟ್ಟಿಲಿನ ಕಥೆ.

2021ರ ಜುಲೈನಲ್ಲಿ 40 ದಾಟಿದ ಸುದ್ದಿ ಬಂದ ಕೂಡಲೇ ಮಿರಜಕ್ಕೆ ಹೋಗಲು ಆಟೋ ಕರೆದೆ. ನಾನು ಬೀಗ ಹಾಕಿ ಬರುವಷ್ಟರಲ್ಲಿ ಕಾಕು ಉಪ್ಪಿನಕಾಯಿ ಭರಣಿ ತೊಡೆ ಮೇಲಿಟ್ಟುಕೊಂಡು ಆಟೋದಲ್ಲಿ ಕೂತಾಗಿತ್ತು. ಆ ಸಲ 55ರ ಹತ್ತಿರ ಹೋಗಿ, ನೀರು ಹೊಸ್ತಿಲು ಮುಟ್ಟಿ ಇಳಿಯಿತು. ವಾಪಸ್ ಬಂದಾಗ ಎದುರು ಮನೆಯವರು, "ಸುಮ್ನೆ ಓಡಿಹೋದ್ರಿ" ಅಂತ ನಕ್ಕರು. ನಗಲಿ ಬಿಡಿ.